ಹೆಜ್ಜೆಗೆ ಮುಂಚಿನ ಮಾತು

ಆಜ್ಞೆ ಎಂದೊಡನೆ ಸೇನೆಯ ಕವಾಯತೋ ಅಧಿಕಾರಿಯ ಗದರಿಕೆಯೋ ನಮ್ಮ ನೆನಪಿಗೆ ಬರುತ್ತದೆ. ಆದರೆ ಆಜ್ಞೆಯನ್ನು ಕೇಳಿದವರು ನಕ್ಕು ನಲಿಯುವ ಸಂದರ್ಭವೂ ಲೋಕದಲ್ಲಿ ಉಂಟು. ಅಮೆರಿಕದ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಜನರು ಒಂದೆಡೆ ಸೇರಿ ಕುಣಿಯುವ ಸ್ಕ್ವೇರ್ ಡಾನ್ಸ್, ಎಂದರೆ ಚೌಕ ಕುಣಿತ, ಅಂಥದು.

ಈ ಕುಣಿತದಲ್ಲಿ ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗಳಲ್ಲಿ ಒಳಮುಖವಾಗಿ ನಿಲ್ಲುತ್ತವೆ. ಪಿಟೀಲು, ಬ್ಯಾಂಜೊಗಳ ವಾದನದ ನಡುವೆ ಒಬ್ಬರು ಮುಂದಿನ ಚಲನೆಯನ್ನು ಕೂಗಿ ಹೇಳುತ್ತಾರೆ. ಅವರಿಗೆ ಅಲ್ಲಿ ಕಾಲರ್ ಎಂದು ಹೆಸರು. ನಾವು ಕರೆಗಾರ ಎನ್ನಬಹುದು. ‘ಡೊಸಿಡೊ’ ಎಂದು ಅವರು ಕೂಗಿದರೆ ಇಬ್ಬರು ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ ಬರಬೇಕು. ‘ಬೆನ್ನಿಗೆ ಬೆನ್ನು’ ಎಂಬ ಅರ್ಥದ ಫ್ರೆಂಚ್ ಮಾತೇ ಜನರ ಬಾಯಲ್ಲಿ ಹೀಗೆ ರೂಪಾಂತರ ಹೊಂದಿದೆ.

ಕರೆಗಾರನ ಕೌಶಲವೆಲ್ಲ ಕಾಲಪ್ರಜ್ಞೆಯಲ್ಲಿದೆ. ಹೆಜ್ಜೆ ಇಡಬೇಕಾದ ಕ್ಷಣದಲ್ಲಿಯೇ ಮಾತು ಹೊರಟರೆ ಅದು ತಡವಾಯಿತು. ಬಹಳ ಮುಂಚೆ ಹೊರಟರೆ ಕುಣಿಯುವವರು ತಬ್ಬಿಬ್ಬಾಗುತ್ತಾರೆ. ತಾಳದ ಎರಡು ನಾಲ್ಕು ಪೆಟ್ಟುಗಳಿಗೆ ಮೊದಲು, ಸಂಗೀತದೊಡನೆ ಬೆರೆತು, ಅದು ಕಿವಿ ಮುಟ್ಟಬೇಕು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ, ವರ್ಮಾಂಟ್ ಸಂಸ್ಥಾನದ ಒಂದು ಸಣ್ಣ ಊರಿನ ಸಭಾಂಗಣದಲ್ಲಿ ಈ ಕುಣಿತವನ್ನು ಕಂಡೆ. ನೋಡುವುದಕ್ಕೆಂದು ಮೂಲೆಯಲ್ಲಿ ಕುಳಿತಿದ್ದ ನನ್ನನ್ನು ಒಬ್ಬರು ಕೈಹಿಡಿದು ಎಬ್ಬಿಸಿದರು. ಒಂದು ಚೌಕದಲ್ಲಿ ಏಳೇ ಮಂದಿ ಇದ್ದರು, ಎಂಟನೆಯವರಿಲ್ಲದೆ ಚೌಕವಾಗದು! ಅಂದಿನ ಕರೆಗಾರರು ನರೆಗೂದಲಿನ ಒಬ್ಬ ಮಹಿಳೆ. ಅವರು ಮೊದಲು ವಾದ್ಯವಿಲ್ಲದೆ ನಮ್ಮನ್ನು ಒಂದು ಸಲ ನಡೆಸಿದರು. ಕುಣಿತ ಆರಂಭವಾದ ಮೇಲೆ ಅವರ ಕಣ್ಣು ಚುರುಕಾಗಿ ಕುಣಿಯುವವರ ಮೇಲೆ ಇರಲಿಲ್ಲ. ಎಲ್ಲರಿಗಿಂತ ನಿಧಾನವಾಗಿದ್ದ ಕಾಲುಗಳ ಮೇಲೆ ಇತ್ತು. ಆ ಕಾಲುಗಳಿಗೆ ತಕ್ಕಂತೆ ಅವರು ಮಾತನ್ನು ಸರಳಗೊಳಿಸಿದರು. ನಮಗೆ ದಾರಿ ತಿಳಿದಂತೆಲ್ಲ ಮಾತನ್ನು ಕಡಿಮೆ ಮಾಡಿದರು. ಜೀವಮಾನವೆಲ್ಲ ತರಗತಿಯಲ್ಲಿ ಕಳೆದ ನನಗೆ ಅವರು ಒಬ್ಬ ಉತ್ತಮ ಉಪಾಧ್ಯಾಯರಂತೆ ಕಂಡರು.

ಈ ಕುಣಿತದ ಬೇರುಗಳು ಇಂಗ್ಲೆಂಡಿನ ಗ್ರಾಮನೃತ್ಯಗಳಲ್ಲಿಯೂ ಫ್ರಾನ್ಸಿನ ಕ್ವಾಡ್ರಿಲ್ ನೃತ್ಯದಲ್ಲಿಯೂ ಇವೆ. ಜಾನ್ ಪ್ಲೇಫರ್ಡ್ 1651ರಲ್ಲಿಯೇ ಇಂಗ್ಲಿಷ್ ನೃತ್ಯಗಳ ಪುಸ್ತಕವೊಂದನ್ನು ಪ್ರಕಟಿಸಿದ್ದನು. ಅಲ್ಲಿ ಅನುಕೂಲಸ್ಥರು ನೃತ್ಯಗುರುಗಳಿಗೆ ಹಣ ತೆತ್ತು ಚಲನೆಗಳನ್ನು ಮೊದಲೇ ಕಲಿತಿರುತ್ತಿದ್ದರು. ಕುಣಿಯುತ್ತಿರುವಾಗಲೇ ಕೂಗಿ ಹೇಳುವ ಪದ್ಧತಿ ಬೆಳೆದುದು ಅಮೆರಿಕದಲ್ಲಿ. ಅದನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ಆಫ್ರಿಕ ಮೂಲದ ಪಿಟೀಲುವಾದಕರು. ಅವರಲ್ಲಿ ಅನೇಕರು ಗುಲಾಮರು. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಒಡೆಯರ ಮನೆಯ ಕೂಟಗಳಲ್ಲಿ ಅವರು ಪಿಟೀಲು ನುಡಿಸುತ್ತಲೇ ಚಲನೆಗಳನ್ನು ಕೂಗುತ್ತಿದ್ದರು. ಹಗಲೆಲ್ಲ ಒಡೆಯನ ಮಾತಿಗೆ ತಲೆಬಾಗಬೇಕಾದವನ ಮಾತಿನಂತೆ ರಾತ್ರಿ ಒಡೆಯನೇ ಹೆಜ್ಜೆ ಇಡುತ್ತಿದ್ದನು! ಇತಿಹಾಸದ ಈ ವೈಚಿತ್ರ್ಯವು ನಮ್ಮನ್ನು ಚಿಂತನೆಗೆ ಹಚ್ಚದಿರದು. ಅವರಲ್ಲಿ ಹೆಚ್ಚಿನವರ ಹೆಸರುಗಳು ಉಳಿದಿಲ್ಲ. ಅವರು ಬೆಳೆಸಿದ ವಿದ್ಯೆ ಉಳಿದಿದೆ.

ಮುಂದೆ ಈ ಕಲೆ ಮಸುಕಾಗುತ್ತಿದ್ದಾಗ, ಕೊಲೊರಾಡೊ ಸಂಸ್ಥಾನದಲ್ಲಿ ಶಾಲೆಯೊಂದರ ಮುಖ್ಯಸ್ಥರಾಗಿದ್ದ ಲಾಯ್ಡ್ ಶಾ ಅದನ್ನು ವಿದ್ಯಾರ್ಥಿಗಳಿಗೆ ಕಲಿಸಿ, ಅವರೊಡನೆ ಊರೂರು ಸುತ್ತಿ, 1939ರಲ್ಲಿ ಅದರ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. ಇಂದು ಹಲವು ತಿಂಗಳ ಪಾಠ ಕಲಿತವರಿಗೆ ಮಾತ್ರ ಎಟಕುವ ಜಟಿಲ ಚೌಕ ಕುಣಿತಗಳೂ ಇವೆ. ಹಳೆಯ ಸಂಪ್ರದಾಯದಲ್ಲಿ ಮಾತ್ರ ಬಾಗಿಲೊಳಗೆ ಕಾಲಿಟ್ಟವರೆಲ್ಲರಿಗೂ ಸ್ಥಳವಿದೆ.

ಆಜ್ಞೆ ಮಾಡುವ ಅಧಿಕಾರ ದೊರೆತವರು ಲೋಕದಲ್ಲಿ ಬಹುಮಂದಿ. ಆ ಅಧಿಕಾರವನ್ನು ಎಲ್ಲರಿಗಿಂತ ಹಿಂದುಳಿದವನ ಕೈಹಿಡಿದು ನಡೆಸುವುದಕ್ಕಾಗಿ ಬಳಸುವವರು ವಿರಳ. ಅಂಥವರ ಮಾತು ಹೊರೆಯಲ್ಲ, ಆಸರೆ.