ಹೆಣ್ಣು ನಾಯಿಗೊಂದು ಹಳೇ ಹೆಸರು

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ ಗೇಟಿನ ಹತ್ತಿರ ಒಂದು ಸಿಮೆಂಟ್ ಚೀಲ ಬಿದ್ದಿತ್ತು. ಒಳಗಿನಿಂದ ಕುಂಯ್ ಕುಂಯ್ ಸದ್ದು. ಬಿಚ್ಚಿ ನೋಡಿದರೆ ಕಂದು ಬಣ್ಣದ ಒಂದು ಮರಿ, ಹಣೆ ಮೇಲೆ ಬಿಳಿ ಚುಕ್ಕೆ. ನಮ್ಮ ಅಡುಗೆಯ ಅಕ್ಕ ಎತ್ತಿ ನೋಡಿ ಒಂದೇ ಮಾತಿನಲ್ಲಿ ವಿಷಯ ಮುಗಿಸಿದರು: "ಹೆಣ್ಣ ಐತ್ರಿ ಗುರುಜಿ. ಅದಕ್ಕ ಒಗದ್ಹೋಗ್ಯಾರ."

ನಮ್ಮ ಜತ್ತ ತಾಲ್ಲೂಕಿನ ಕಡೆ ಇದು ಹೊಸದೇನಲ್ಲ. ಗಂಡು ಮರಿಗಳನ್ನು ಹೊಲಕ್ಕೆ, ಕುರಿ ಹಿಂಡಿಗೆ ಅಂತ ಜನ ಕೇಳಿ ಒಯ್ಯುತ್ತಾರೆ. ಹೆಣ್ಣಾದರೆ ವರ್ಷದೊಳಗೆ ಬೆದೆಗೆ ಬರುತ್ತದೆ, ಅಲ್ಲಿಂದ ಎರಡು ತಿಂಗಳಿಗೆ ಮರಿ ಹಾಕುತ್ತದೆ, ಯಾರಿಗೆ ಬೇಕು ಆ ತಾಪತ್ರಯ! ಹಾಗಾಗಿ ಸಂತೆ ಬಯಲು, ಬಸ್ ಸ್ಟ್ಯಾಂಡು, ಇಲ್ಲವೆ ಶಾಲೆ. ಶಾಲೆ ಅಂದರೆ ಮಧ್ಯಾಹ್ನ ಖಿಚಡಿ ಬೇಯುವ ಜಾಗ. ಬಿಟ್ಟು ಹೋದವರಿಗೂ ಅಷ್ಟು ಕರುಣೆ ಇತ್ತು ಅಂದುಕೊಳ್ಳೋಣ.

ಮಕ್ಕಳು ಮರಿಯನ್ನು ಬಿಡಲಿಲ್ಲ. ಲಸಿಕೆ ಆಗುವ ತನಕ ಮುಟ್ಟಬಾರದು ಅಂತ ಕಟ್ಟಪ್ಪಣೆ ಮಾಡಿ, ಅದನ್ನು ಅಡುಗೆ ಕೋಣೆಯ ಹಿಂದೆ ಇಟ್ಟೆವು. ಎರಡನೇ ದಿನವೇ ಹೆಸರಿನ ಪ್ರಶ್ನೆ ಬಂತು. ಊರಲ್ಲಿ ಈಗಾಗಲೇ ಮೂರು ಮೋತಿ, ನಾಲ್ಕು ಟಾಮಿ, ಲೆಕ್ಕವಿಲ್ಲದಷ್ಟು ವಾಘ್ಯಾಗಳಿವೆ. ಎಲ್ಲವೂ ಗಂಡು ಹೆಸರು ನೋಡಿ! ಏಳನೇ ಇಯತ್ತೆಯ ಹುಡುಗಿಯೊಬ್ಬಳು, "ಪುಸ್ತಕದಾಗಿಂದು, ಹಳೀ ಕಾಲದ್ದು ಒಂದ ಹೆಸರ ಹೇಳ್ರಿ ಗುರುಜಿ" ಅಂದಳು. ನನಗೂ ಹುರುಪು ಬಂತು. ಶನಿವಾರದ ಕೊನೆಯ ತಾಸು ಐದು, ಆರು, ಏಳನೇ ಇಯತ್ತೆಯ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿದೆ.

ಮೊದಲು ಬೋರ್ಡಿನ ಮೇಲೆ ಮೂರು ನಿಯಮ ಬರೆದೆ. ಒಂದು, ಹೆಸರು ಎರಡು ಮೂರು ಅಕ್ಷರದ್ದಿರಬೇಕು, ದೂರದಿಂದ ಕೂಗಿದರೆ ಕೇಳಬೇಕು. ಎರಡು, ಒಂದು ಸಲ ಇಟ್ಟ ಮೇಲೆ ಎಲ್ಲರೂ ಅದನ್ನೇ ಕರೆಯಬೇಕು, ಇಲ್ಲದಿದ್ದರೆ ನಾಯಿಗೆ ಗೊಂದಲ. ಮೂರು, ಆ ಹೆಸರಿನ ಹಿಂದೆ ಒಂದು ಕಥೆ ಇರಬೇಕು.

ಆಮೇಲೆ ನನಗೆ ಗೊತ್ತಿದ್ದ ಮೂರು ಹೆಸರು ಹೇಳಿದೆ.

ಮೊದಲನೆಯದು ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕನ್ನಡ ಶಾಸನದಲ್ಲಿ ಈ ನಾಯಿ ಇದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಅದು ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಡಿಸಿದರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳಿಗೆ ಕಥೆ ಹಿಡಿಸಿತು. ಆದರೆ "ನಮ್ಮ ಆಯಿ ಹೆಸರ ಕಾಳವ್ವ ಐತ್ರಿ" ಅಂತ ಒಬ್ಬ ಎದ್ದು ನಿಂತ. ಕಾಳಿ ಹೋಯಿತು.

ಎರಡನೆಯದು ಲೈಕಾ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಭೂಮಿಯನ್ನು ಸುತ್ತಲು ಹೋದ ಹೆಣ್ಣು ನಾಯಿ, ಮಾಸ್ಕೋದ ಬೀದಿಯಿಂದ ಹಿಡಿದು ತಂದದ್ದು. "ತಿರುಗಿ ಬಂತೇನ್ರಿ?" ಅಂತ ಕೇಳಿದರು. ಇಲ್ಲ, ತಿರುಗಿ ತರುವ ವ್ಯವಸ್ಥೆಯೇ ಇರಲಿಲ್ಲ. ಹಾರಿದ ಕೆಲವೇ ತಾಸುಗಳಲ್ಲಿ ಶಾಖಕ್ಕೆ ಸತ್ತಿತ್ತು ಅನ್ನುವುದು 2002ರಲ್ಲಿ ಹೊರಬಂತು ಅಂದೆ. ವರ್ಗ ಸುಮ್ಮನಾಯಿತು. ಲೈಕಾ ಬೇಡ ಅಂದರು.

ಮೂರನೆಯದು ಸರಮಾ. ದೇವಲೋಕದ ಹೆಣ್ಣು ನಾಯಿ. ಋಗ್ವೇದದ ಹತ್ತನೇ ಮಂಡಲದಲ್ಲಿ ಪಣಿಗಳು ಬಚ್ಚಿಟ್ಟ ಹಸುಗಳನ್ನು ಹುಡುಕುತ್ತ ರಸಾ ನದಿ ದಾಟಿ ಹೋದವಳು. ನಮ್ಮ ತಂಗಿಯಾಗಿ ಇಲ್ಲೇ ಇರು, ಹಸುಗಳಲ್ಲಿ ಪಾಲು ಕೊಡುತ್ತೇವೆ ಅಂತ ಅವರು ಆಸೆ ತೋರಿಸಿದರೂ ಬಗ್ಗಲಿಲ್ಲ. ಮಹಾಭಾರತದ ಆದಿಪರ್ವದಲ್ಲೂ ಬರುತ್ತಾಳೆ. ಜನಮೇಜಯನ ಯಜ್ಞದ ಹತ್ತಿರ ಬಂದ ಅವಳ ಮರಿಯನ್ನು ರಾಜನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಸರಮಾ ನೇರವಾಗಿ ಅಲ್ಲಿಗೇ ಹೋಗಿ ಕೇಳುತ್ತಾಳೆ: ನನ್ನ ಮಗ ಹವಿಸ್ಸನ್ನು ನೋಡಲಿಲ್ಲ, ನೆಕ್ಕಲಿಲ್ಲ, ಯಾಕೆ ಹೊಡೆದಿರಿ? ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಅಂತ ಶಾಪ ಕೊಟ್ಟು ಹೋಗುತ್ತಾಳೆ. ನಾಯಿಗೆ ಸಾರಮೇಯ ಅನ್ನುವ ಹೆಸರು ಬಂದದ್ದು ಇವಳಿಂದಲೇ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಕೂಗಿದ: "ನಕುಸಾ ಅಂತ ಇಡ್ರಿ ಗುರುಜಿ! ಯಾರಿಗೂ ಬ್ಯಾಡಾಗಿ ಒಗದ್ಹೋಗಿದ್ದಲ್ರಿ!"

ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ನನ್ನ ಬಾಯಲ್ಲೂ ನಗು ಬಂದಿತ್ತು. ಆಗ ಐದನೇ ಇಯತ್ತೆಯ ಸಾಲಿನಲ್ಲಿ ಒಂದು ತಲೆ ಕೆಳಗೆ ಬಗ್ಗಿದ್ದು ಕಂಡಿತು. ಆ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ನಕುಸಾ. ಎರಡು ವರ್ಷದಿಂದ ದಿನಾ ಬೆಳಗ್ಗೆ ನಾನೇ ಕೂಗುತ್ತಿದ್ದೆ. ಅವಳು "ಹಾಜರ್" ಅನ್ನುತ್ತಿದ್ದಳು. ಅದು ಬರೀ ಹೆಸರು ಅಂತ ಅಂದುಕೊಂಡುಬಿಟ್ಟಿದ್ದೆ.

ಹುಡುಗನಿಗೆ ಗದರಿದೆ. ಗದರಿದ್ದು ತಪ್ಪು ಅಂತ ಆಮೇಲೆ ಅನ್ನಿಸಿತು. ಅವನು ಅರ್ಥ ಸರಿಯಾಗಿಯೇ ಹೇಳಿದ್ದ. ಅದೇ ಅರ್ಥವನ್ನು ಹುಡುಗಿಯ ಮೇಲೆ ಬರೆದವರು ದೊಡ್ಡವರು.

ಸಂಜೆ ಅವಳ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ. "ಖರೇ ಹೇಳ್ತೀನ್ರಿ ಗುರುಜಿ. ಮೂರ ಹೆಣ್ಣ ಆಗಿದ್ವು. ನಾಕನೇದೂ ಹೆಣ್ಣ ಆತು. ಇನ್ನ ಸಾಕಪ್ಪಾ ದೇವ್ರೇ ಅಂತ ಸಾಕವ್ವ ಅಂದ್ವಿ. ಬರಕೊಳ್ಳವ್ರು ಹಂಗಂದ್ರೇನು ಅಂತ ಮರಾಠ್ಯಾಗ ಕೇಳಿದ್ರು. ನಮಗ ನೆಟ್ಟಗ ಹೇಳಾಕ ಬರಲಿಲ್ಲ. ಅವ್ರು ನಕುಸಾ ಅಂತ ಬರದ್ರು." ಸ್ವಲ್ಪ ಹೊತ್ತು ಮರ ಕೇರಿ ಮತ್ತೆ ಅಂದರು: "ಆದ್ರ ಹಾಲಿಲ್ಲದ ಕೂಸಿಗೆ ಆಡಿನ ಹಾಲ ಹಾಕಿ ಸಾಕಿದ್ದೂ ನಾನ ರೀ."

ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ. ನಮ್ಮ ಕನ್ನಡದಲ್ಲಿ 'ಸಾಕು' ಅಂದರೆ ಇನ್ನು ಬೇಡ ಅಂತಲೂ ಹೌದು, ಅನ್ನ ಹಾಕಿ ಬೆಳೆಸು ಅಂತಲೂ ಹೌದು. ಸಾಕುತಾಯಿ, ಸಾಕುನಾಯಿ ಎಲ್ಲ ಅದರಿಂದಲೇ. ಮರಾಠಿಯ 'ನಕೋ'ದಲ್ಲಿ ಆ ಎರಡನೇ ಅರ್ಥ ಇಲ್ಲ. ಗಡಿಯ ಕಾಗದದಲ್ಲಿ ದಾಟುವಾಗ ಅರ್ಧ ಹೆಸರು ಬಿದ್ದುಹೋಯಿತು, ಒಳ್ಳೆಯ ಅರ್ಧ. ಹಾಗಂತ ಮರಾಠಿಯನ್ನು ದೂರುವಂತೆಯೂ ಇಲ್ಲ. 'ಬೇಡ' ಅಂದದ್ದು ನಮ್ಮ ಕನ್ನಡದ ಮನೆಯಲ್ಲೇ ಅಲ್ಲವೆ? ನಮ್ಮ ಪಕ್ಕದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಇದೇ ಹೆಸರಿನ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರು ಇಟ್ಟಿದ್ದರು. ಸುದ್ದಿ ಓದಿ ಒಳ್ಳೆಯ ಕೆಲಸ ಅಂದುಕೊಂಡಿದ್ದೆ. ನನ್ನ ಹಾಜರಿ ಪುಸ್ತಕ ತೆರೆದು ನೋಡಲಿಲ್ಲ.

ಸೋಮವಾರ ಬೋರ್ಡಿನ ಮೇಲೆ ನಾಲ್ಕನೇ ನಿಯಮ ಬರೆದೆ: ಹೆಸರಿನಿಂದ ಯಾರೂ ತಲೆ ತಗ್ಗಿಸಬಾರದು. ಯಾರ ಕಡೆಯೂ ನೋಡಲಿಲ್ಲ. ಆ ಹುಡುಗಿಯೇ ಕೈ ಎತ್ತಿದಳು.

"ಸರಮಾ ಇಡೂಣ್ರಿ."

"ಯಾಕವ್ವಾ?"

"ಅಕಿ ಹೋಗಿ ಕೇಳಿದ್ಳಲ್ರಿ, ಯಾಕ ಹೊಡದ್ರಿ ಅಂತ."

ಬೇರೆ ಯಾರೂ ಬೇರೆ ಹೆಸರು ಹೇಳಲಿಲ್ಲ. ಹಿಂದಿನ ಸಾಲಿನ ಹುಡುಗನೇ ಖಾಲಿ ಎಣ್ಣೆ ಡಬ್ಬಿ ಕತ್ತರಿಸಿ, ಅದರ ಮೇಲೆ ಬಣ್ಣದಲ್ಲಿ 'ಸರಮಾ' ಅಂತ ಬರೆದು ನೀರಿಡಲು ತಂದ. ಕನ್ನಡ ಅಕ್ಷರ ದುಂಡಗೆ, ಒತ್ತು ದೀರ್ಘ ತಪ್ಪಿಲ್ಲ. ಅವನ ಪರೀಕ್ಷೆಯ ಪೇಪರಿನಲ್ಲಿ ಅಂಥದ್ದನ್ನು ನಾನು ಕಂಡಿಲ್ಲ!

ಎರಡು ದಿನ ಬಿಟ್ಟು, ಶಾಲೆ ಬಿಟ್ಟ ಮೇಲೆ ಹುಡುಗಿ ನನ್ನ ಟೇಬಲ್ ಹತ್ತಿರ ಬಂದು ನಿಂತಳು. "ಮಂದಿ ಹೆಸರಾನೂ ಬದ್ಲಿ ಮಾಡಾಕ ಬರತೈತೇನ್ರಿ ಗುರುಜಿ?" ಬರುತ್ತದೆ ಅಂದೆ. ಅವಳಪ್ಪ ಕಬ್ಬು ಕಡಿಯಲು ಹೋದವರು ಬಂದ ಮೇಲೆ ಅರ್ಜಿಗೆ ಸಹಿ ಹಾಕಿದರು. ಕಾಗದ ತಾಲ್ಲೂಕಿಗೆ ಹೋಗಿದೆ, ಇನ್ನೂ ಬಂದಿಲ್ಲ. ಎರಡು ಸಲ ಹೋಗಿ ಕೇಳಿ ಬಂದಿದ್ದೇನೆ, ಮತ್ತೆ ಹೋಗುತ್ತೇನೆ. ಅವಳು ಆರಿಸಿಕೊಂಡ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಪುಸ್ತಕದಲ್ಲಿ ಹಳೆಯದೇ ಇದೆ. ಬಾಯಲ್ಲಿ ಮಾತ್ರ ನಾನು ಹೊಸದನ್ನೇ ಕೂಗುತ್ತೇನೆ. ಮೊದಲ ದಿನ ಅವಳಿಗೇ ಅಭ್ಯಾಸವಿಲ್ಲದೆ ಸುಮ್ಮನೆ ಕೂತಿದ್ದಳು, ಪಕ್ಕದವಳು ಮೊಣಕೈಯಿಂದ ತಿವಿದಳು.

ಗಡಿಭಾಗದ ಶಿಕ್ಷಕ ಮಿತ್ರರೇ, ನಿಮ್ಮ ಹಾಜರಿ ಪುಸ್ತಕವನ್ನು ಒಮ್ಮೆ ಅರ್ಥ ಹಿಡಿದು ಓದಿ. ಅಷ್ಟೇ ನನ್ನ ವಿನಂತಿ.

ಅಂದ ಹಾಗೆ, ಸರಮಾಗೆ ಲಸಿಕೆ ಹಾಕಿಸಿದ್ದಾಯಿತು, ಮರಿ ಆಗದಂತೆ ಆಪರೇಶನ್ನೂ ಆಯಿತು. ಈಗ ಅವಳು ಗೇಟಿನಲ್ಲಿ ಮಲಗುತ್ತಾಳೆ. ಹೆಸರು ಆರಿಸುವಾಗ ಒಂದು ವಿಷಯ ಮಾತ್ರ ನಾನು ಯೋಚಿಸಿರಲಿಲ್ಲ. ಮೊನ್ನೆ ಬಂದ ಹೊಸ ಶಿಕ್ಷಕರನ್ನು ಮಕ್ಕಳು 'ಸರ್' ಅನ್ನುತ್ತಾರೆ. ಯಾರಾದರೂ "ಸರ್..." ಅಂತ ಎಳೆದು ಕೂಗಿದರೆ ಸಾಕು, ಅವರಿಗಿಂತ ಮೊದಲು ಇವಳೇ ಬಾಲ ಅಲ್ಲಾಡಿಸುತ್ತ ವರ್ಗದ ಬಾಗಿಲಿಗೆ ಹಾಜರ್!