ಭೈರವನಿಗೊಂದು ಕಾರು

ಕಾಲಭೈರವನಿಗೆ ನಾಯಿಯೇ ವಾಹನವೆಂಬುದು ಸರ್ವವಿದಿತ. ಆದರೆ ನಾಯಿಯ ಹೆಸರೇ ಭೈರವನಾದರೆ ಅದಕ್ಕೆ ವಾಹನ ಯಾವುದು? ಶಿಕಾರಿಪುರದ ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಎರಡು ತಿಂಗಳ ಕಾಲ ಇತ್ಯರ್ಥವಾಗದೆ ಉಳಿದು, ಒಂದು ರಾತ್ರಿಯ ಊಟವನ್ನು ಕೆಡಿಸಿತು. ತಂದೆಗೂ ಮಗನಿಗೂ ನಾಲ್ಕು ದಿನ ಮಾತು ತಪ್ಪಿಸಿತು.

ಹೆಡ್‌ಮಾಸ್ತರರಿಗೆ ಸೊರಬದ ಕಡೆ ಪಿತ್ರಾರ್ಜಿತವಾಗಿ ಬಂದ ಎರಡು ಎಕರೆ ಅಡಿಕೆ ತೋಟವಿದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಹೋದರೆ ಸೊರಬ ಸುಮಾರು 40 ಕಿಲೋಮೀಟರು. ವರ್ಷದ ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಹೋಗಿ ಬಂದರೆ ಸಾಕು. ಕೊಯ್ಲು ಆರಂಭವಾಯಿತೆಂದರೆ ಹಾಗಲ್ಲ. ಎರಡು ತಿಂಗಳು ಶಿಕಾರಿಪುರದ ಮನೆಗೆ ಬೀಗ ಹಾಕಿ ಸಂಸಾರವೇ ತೋಟದ ಮನೆಗೆ ತೆರಳಬೇಕು. ಅಡಿಕೆ ಸುಲಿಸುವುದು, ಬೇಯಿಸುವುದು, ಅಂಗಳದಲ್ಲಿ ಹರವಿ ಒಣಗಿಸುವುದು, ಇವು ಯಜಮಾನನ ಕಣ್ಣಿಲ್ಲದೆ ನಡೆಯುವ ಕೆಲಸಗಳಲ್ಲ. ಸಂಸಾರವೆಂದರೆ ಹೆಡ್‌ಮಾಸ್ತರರು, ಅವರ ಪತ್ನಿ, ಎಂಬತ್ತನಾಲ್ಕು ವರ್ಷದ ತಾಯಿ, ಮತ್ತು ಎರಡು ನಾಯಿಗಳು.

ಹಿರಿಯದು ಭೈರವ. ಅಲ್ಸೇಷಿಯನ್ ಜಾತಿ, ವಯಸ್ಸು 9, ತೂಕ 38 ಕಿಲೋ. ಕಿರಿಯದು ಕಾಳಿ, ಮುಧೋಳದ ಹೆಣ್ಣು ನಾಯಿ. ಮುಧೋಳದ ತಳಿ ನಮ್ಮವರಿಗೆ ಅಪರಿಚಿತವಲ್ಲ. 2005ರಲ್ಲಿ ಅಂಚೆ ಇಲಾಖೆಯವರು ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ರಾಂಪುರ, ರಾಜಪಾಳಯಂ, ಹಿಮಾಲಯದ ಕುರಿನಾಯಿಗಳ ಸಾಲಿನಲ್ಲಿ ಈ ಸಪೂರ ಸೊಂಟದ ಬೇಟೆನಾಯಿಗೂ ಸ್ಥಾನ ದೊರಕಿತು. ಕಾಲು ಉದ್ದ, ಮೂತಿ ಉದ್ದ, ಬಾಲ ಉದ್ದ. ನಿಂತಾಗ ಬಡಕಲೆಂದು ತೋರಿದರೂ ಮಲಗಿದರೆ ಜಮಖಾನವೆಲ್ಲ ಅದರದೇ.

ಕಾಳಿಯೆಂಬ ಹೆಸರನ್ನು ಹೆಡ್‌ಮಾಸ್ತರರು ಆರಿಸಿಕೊಂಡದ್ದು ಶಾಸನದಿಂದ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದು; ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆತ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ಅದೂ ಒಟ್ಟಿಗೇ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ಹೆಡ್‌ಮಾಸ್ತರರ ಕಾಳಿ ಹಂದಿಯ ವಾಸನೆ ಬಂದೊಡನೆ ಅಜ್ಜಿಯ ಸೆರಗಿನ ಹಿಂದೆ ನಿಲ್ಲುತ್ತದೆಂಬುದು ಬೇರೆ ಮಾತು.

ಹಿಂದಿನ ಕಾಲದಲ್ಲಿ ನಾಯಿಯ ಪ್ರಯಾಣ ಒಂದು ಸಮಸ್ಯೆಯೇ ಆಗಿರಲಿಲ್ಲ. ಎತ್ತಿನ ಗಾಡಿ ಹೊರಟರೆ ಮನೆಯ ನಾಯಿ ಅದರ ಅಡಿಯ ನೆರಳನ್ನು ಹಿಡಿದು, ಎರಡು ಚಕ್ರಗಳ ನಡುವೆ, ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುತ್ತಿತ್ತು. ಗಾಡಿಯ ಭಾರವನ್ನೆಲ್ಲ ತಾನೇ ಹೊತ್ತಿದ್ದೇನೆಂದು ಅದು ಭಾವಿಸಿತೆಂದು ಜನ ನಕ್ಕದ್ದೂ ಉಂಟು. ಅಂಬಾಸಿಡರ್ ಕಾರಿನ ಕಾಲದಲ್ಲಿಯೂ ತೊಂದರೆಯಿರಲಿಲ್ಲ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನ ಹಿಂದಿನ ಸೀಟು ಮನೆಯ ಸೋಫಾದಂತೆ. ಅದರಲ್ಲಿ ಐದು ಜನ ಕೂತಮೇಲೂ ಕಾಲಿನ ಬಳಿ ನಾಯಿಗೆ ಎಡೆ ಉಳಿಯುತ್ತಿತ್ತು. ಈಗಿನ ಕಾರುಗಳಲ್ಲಿ ಒಬ್ಬೊಬ್ಬರಿಗೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಸ್ಥಳ ಗೊತ್ತುಮಾಡಿದ್ದಾರೆ. ಅಚ್ಚಿನ ಆಕಾರ ಮನುಷ್ಯನದು.

ಹೆಡ್‌ಮಾಸ್ತರರು ಕೆಲವು ವರ್ಷ ಬಾಡಿಗೆ ವಾಹನವನ್ನೇ ನಂಬಿದ್ದರು. ಕಳೆದ ಸಲ ಚಾಲಕನೊಬ್ಬ ಬಾಗಿಲ ಮುಂದೆ ಬಂದು ನಿಂತು, ಭೈರವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾರ್, ಕೂದಲು ಕೊಡವೋಕೇ ನನಗೊಂದು ವಾರ ಬೇಕು" ಎಂದು ಹಿಂದಿರುಗಿದ. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ನಾಯಿಗೂ ಟಿಕೆಟ್ ಕೊಡುವ ಪದ್ಧತಿಯುಂಟು. ಆದರೆ ಸಂತೆಯ ಜನ, ಕೋಳಿ, ತರಕಾರಿ ಮೂಟೆಗಳ ನಡುವೆ 38 ಕಿಲೋ ಭೈರವನನ್ನು ನಿಲ್ಲಿಸುವ ಧೈರ್ಯ ಯಾರಿಗಿದೆ? ಸ್ವಂತಕ್ಕೆ ಒಂದು ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ಮಗ ಬಂದ. ಹಣದ ಅರ್ಧ ಭಾಗ ಅವನದು, ಆದುದರಿಂದ ಅಭಿಪ್ರಾಯದ ಮುಕ್ಕಾಲು ಭಾಗವೂ ಅವನದೇ ಆಯಿತು.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಮಾರಾಟದ ಹುಡುಗ ಮೈಲೇಜು, ಮುಂಭಾಗದ ಪರದೆ, ತೆರೆಯುವ ಛಾವಣಿ ಇವುಗಳ ಮಹಿಮೆಯನ್ನು ವರ್ಣಿಸುತ್ತಿದ್ದಾಗ ಹೆಡ್‌ಮಾಸ್ತರರು ಜೇಬಿನಿಂದ ದರ್ಜಿಯ ಟೇಪನ್ನು ಹೊರತೆಗೆದರು. ಹುಡುಗ ಕಂಗಾಲಾದ.

"ಡಿಕ್ಕಿ ಮುನ್ನೂರು ಲೀಟರ್ ಇದೆ ಸಾರ್" ಎಂದ.

"ನಾಯಿಯನ್ನು ಲೀಟರಿನಲ್ಲಿ ಅಳೆಯೋದು ಹೇಗಪ್ಪಾ?" ಎಂದರು ಹೆಡ್‌ಮಾಸ್ತರರು.

ಇದು ಹಾಸ್ಯವೆಂದು ತೋರಬಹುದು. ನಿಜವಾಗಿ ವಿಷಯದ ತಿರುಳೇ ಇದು. ಡಿಕ್ಕಿಗೆ ಎಷ್ಟು ಲೀಟರ್ ಎಂಬ ಲೆಕ್ಕ ಪೆಟ್ಟಿಗೆಗಳಿಗೆ ಸರಿ. ಪೆಟ್ಟಿಗೆ ಕಾರಿನೊಳಗೆ ಏಳುವುದಿಲ್ಲ, ಮಗ್ಗುಲು ಬದಲಾಯಿಸುವುದಿಲ್ಲ. ದೊಡ್ಡ ನಾಯಿಗೆ ಬೇಕಾದುದು ಚಪ್ಪಟೆಯಾದ ನೆಲ. ಕೈಕಾಲು ಚಾಚಿ ಮಲಗುವಷ್ಟು ಉದ್ದ, ಒಂದು ಸುತ್ತು ತಿರುಗುವಷ್ಟು ಅಗಲ, ಕೂತರೆ ತಲೆಗೆ ತಾಗದಷ್ಟು ಎತ್ತರ. ಹೆಡ್‌ಮಾಸ್ತರರು ಹಿಂದಿನ ರಾತ್ರಿಯೇ ಭೈರವ ನಿದ್ರೆಯಲ್ಲಿದ್ದಾಗ ಅಳೆದಿಟ್ಟಿದ್ದರು. ಮೂತಿಯ ತುದಿಯಿಂದ ಬಾಲದ ಬುಡದವರೆಗೆ ಮೂರೂವರೆ ಅಡಿ. ಕೂತಾಗಿನ ಎತ್ತರ ಎರಡೂವರೆ ಅಡಿಗೆ ಸ್ವಲ್ಪ ಮೇಲೆ. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಅಳತೆಯಿತ್ತು: ಹಿಂಬಾಗಿಲಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ? ಅಲ್ಸೇಷಿಯನ್ ಜಾತಿಗೆ ಸೊಂಟದ ಕೀಲಿನ ದೋಷ ಅಂಟಿಕೊಂಡು ಬಂದದ್ದು. ಒಂದು ವರ್ಷದಿಂದ ಭೈರವ ಜಗುಲಿಯ ಮೆಟ್ಟಿಲನ್ನೂ ಯೋಚಿಸಿ ಹತ್ತುತ್ತಿತ್ತು. ಅಂಥ ಕೀಲಿಗೆ ಹತ್ತುವುದಕ್ಕಿಂತಲೂ ಎತ್ತರದಿಂದ ಕೆಳಕ್ಕೆ ಜಿಗಿಯುವುದು ಹೆಚ್ಚು ಅಪಾಯವೆಂದು ಪಶುವೈದ್ಯರು ಎಚ್ಚರಿಸಿದ್ದರು.

ಮಗನಿಗೆ ಬೇಕಾಗಿದ್ದುದು ಉದ್ದ ಬಾಲದ ಸೆಡಾನ್. ಅದರ ಡಿಕ್ಕಿ ಮುಚ್ಚಿದ ಪೆಟ್ಟಿಗೆ. ಗಾಳಿಯಿಲ್ಲದ ಆ ಕತ್ತಲೆಯಲ್ಲಿ ಪ್ರಾಣಿಯನ್ನಿಡುವ ಮಾತೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿದರೆ ಬ್ರೇಕು ಹಾಕಿದಾಗಲೆಲ್ಲ ನಾಯಿ ಕಾಲಿಡುವ ಹಳ್ಳಕ್ಕೆ ಉರುಳುತ್ತದೆ. ಚಿಕ್ಕ ಕಾರುಗಳಲ್ಲಿ ಹಿಂದಿನ ಸೀಟು ಮಡಿಸಿದರೆ ನೆಲವೇನೋ ಸಿಕ್ಕೀತು, ಅಜ್ಜಿಯನ್ನು ಎಲ್ಲಿ ಕೂರಿಸುವುದು? ಬೊಲೆರೊ ಜೀಪು ತೋಟದ ಕಚ್ಚಾ ದಾರಿಗೆ ಹೇಳಿ ಮಾಡಿಸಿದ್ದು. ಆದರೆ ಅದರ ನೆಲ ಎತ್ತರ. ಭೈರವ ಹಾರಲಾರದು, ಮೊಣಕಾಲು ನೋವಿನ ಅಜ್ಜಿ ಹತ್ತಲಾರಳು. 1984ರಿಂದ 2019ರವರೆಗೆ ತಯಾರಾದ ಓಮ್ನಿಯ ತಗ್ಗು ನೆಲ, ಸರಿಯುವ ಬಾಗಿಲು ಇಬ್ಬರಿಗೂ ಒಪ್ಪುವಂತಿದ್ದವು. ಆದರೆ ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಬೇಸಿಗೆಯ ಕಾವು ಕಾಲಬುಡದಲ್ಲಿ. ಅಳೆಯುತ್ತ ಅಳೆಯುತ್ತ ಹೆಡ್‌ಮಾಸ್ತರರಿಗೆ ಒಂದು ವಿಚಿತ್ರ ಹೊಳೆಯಿತು. ಎಂಬತ್ತನಾಲ್ಕರ ಅಜ್ಜಿಗೂ ಒಂಬತ್ತರ ಭೈರವನಿಗೂ ಬೇಕಾದ ಕಾರು ಒಂದೇ: ಹತ್ತಲು ತಗ್ಗು, ಕೂತರೆ ತಂಪು, ಕುಲುಕಾಟ ಕಡಿಮೆ.

ಕೊನೆಗೆ ಉಳಿದದ್ದು ಮೂರು ಸಾಲು ಸೀಟಿನ ಎರ್ಟಿಗಾದಂಥ ಕಾರು. ಕೊನೆಯ ಸಾಲನ್ನು ಮಡಿಸಿಟ್ಟರೆ ಹಿಂದೆ ಚಪ್ಪಟೆ ನೆಲ. ಮಧ್ಯದ ಸಾಲು ಮನುಷ್ಯರಿಗೆ. ಮಧ್ಯದ ಸಾಲಿಗೆಂದು ಛಾವಣಿಯಿಂದ ಬರುವ ತಣ್ಣನೆಯ ಗಾಳಿ ಹಿಂದಕ್ಕೂ ಹಾಯುತ್ತದೆ. ಈ ಕೊನೆಯ ಗುಣವನ್ನು ಮಾರಾಟದ ಹುಡುಗ ಹೇಳಲೇ ಇಲ್ಲ, ಹೆಡ್‌ಮಾಸ್ತರರೇ ಹಿಂದೆ ತೂರಿಕೊಂಡು ಕೂತು ಕಂಡುಕೊಂಡರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಕಳೆದುಕೊಳ್ಳಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರು ಅರ್ಧ ಗಂಟೆಯೊಳಗೆ ಒಲೆಯಾಗುತ್ತದೆ, ಕಿಟಕಿಯನ್ನು ಎರಡು ಬೆರಳು ಇಳಿಸಿದರೂ ಹೆಚ್ಚೇನೂ ಪ್ರಯೋಜನವಿಲ್ಲ. ಐದೇ ನಿಮಿಷವೆಂದು ಬಾಗಿಲು ಹಾಕಿ ಅಂಗಡಿಗೆ ಹೋಗುವವರು ಇದನ್ನು ನೆನಪಿಡುವುದು ಲೇಸು.

ಊಟ ಕೆಟ್ಟದ್ದು ಅಂದಿನ ರಾತ್ರಿ. ಎರ್ಟಿಗಾದ ಬೆಲೆ ಸೆಡಾನಿಗಿಂತ ಹೆಚ್ಚಾಗಿತ್ತೆಂದಲ್ಲ. ಮಗನ ಲೆಕ್ಕ ಬೇರೆ ಇತ್ತು.

"ಅಪ್ಪಾ, ಕೋಪ ಮಾಡ್ಕೋಬೇಡಿ. ಕಾರು ಹತ್ತು ವರ್ಷ ಇರತ್ತೆ. ಭೈರವ ಇನ್ನೆಷ್ಟು ವರ್ಷ ಇರತ್ತೆ? ಎರಡೋ, ಮೂರೋ. ಅದಕ್ಕೋಸ್ಕರ ಕಾರು ಆರಿಸೋದಾ? ತೋಟದಲ್ಲೇ ಬಿಟ್ಟುಬಿಡಿ. ಆಳು ಅನ್ನ ಹಾಕ್ತಾನೆ."

ಲೆಕ್ಕ ತಪ್ಪಾಗಿರಲಿಲ್ಲ. ದೊಡ್ಡ ನಾಯಿಗಳ ಆಯುಷ್ಯ ಹತ್ತು-ಹನ್ನೆರಡು ವರ್ಷ. ಆದುದರಿಂದಲೇ ಹೆಡ್‌ಮಾಸ್ತರರಿಗೆ ಉತ್ತರ ಹೊಳೆಯಲಿಲ್ಲ. ತೋಟದ ಅಂಚಿಗೆ ಚಿರತೆ ಬರುತ್ತದೆ, ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು ಎಂದರು. ಕೊಟ್ಟಿಗೆಯೊಳಗೆ ಕಟ್ಟಿಸಿದರಾಯಿತೆಂದು ಮಗ ಹೇಳಿದ. ಪತ್ನಿ ಬಡಿಸುವುದನ್ನು ನಿಲ್ಲಿಸಿದರು.

ಆಗ ಮಾತಾಡಿದವಳು ಅಜ್ಜಿ. ಆ ಮನೆಯಲ್ಲಿ ನಾಯಿಯನ್ನು ಅಡಿಗೆಮನೆಯ ಹೊಸಿಲು ದಾಟಗೊಡದವಳು ಅವಳೇ. ನಾಯಿ ಸೋಕಿದರೆ ಸೀರೆ ಬದಲಾಯಿಸುವವಳೂ ಅವಳೇ.

"ಧರ್ಮರಾಯನಿಗೆ ಇಂದ್ರ ರಥ ತಂದು ನಿಲ್ಲಿಸಿದ. ನಾಯೀನ ಬಿಟ್ಟು ಹತ್ತು ಅಂದ. ಬೇಡ, ನಿನ್ನ ರಥ ನೀನೇ ಇಟ್ಕೋ ಅಂದನಂತೆ. ನಿಮ್ಮಪ್ಪ ಮಾಸ್ತರು, ಅಷ್ಟು ದೊಡ್ಡವನೇನೂ ಅಲ್ಲ" ಎಂದು ನಿಲ್ಲಿಸಿ, ತಟ್ಟೆಯ ಕಡೆ ನೋಡುತ್ತಲೇ ಮುಂದುವರಿಸಿದಳು: "ಅಲ್ವೋ ಮಗಾ, ಇನ್ನೆಷ್ಟು ವರ್ಷ ಅಂತ ಲೆಕ್ಕ ಹಾಕೋದಾದ್ರೆ ನನಗೆಷ್ಟು? ನನ್ನೂ ತೋಟದಲ್ಲೇ ಬಿಡ್ತೀರಾ? ಆಳು ಅನ್ನ ಹಾಕ್ತಾನೆ."

ಮಗ ಎದ್ದು ಕೈತೊಳೆದ. ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟುಹೋದ. ಐದನೆಯ ದಿನ ಫೋನು ಬಂತು. ಕುಶಲ ಪ್ರಶ್ನೆಗಳೇನೂ ಇಲ್ಲ. "ಅಪ್ಪಾ, ಇಲ್ಲೊಂದು ಸೆಕೆಂಡ್ ಹ್ಯಾಂಡ್ ಎರ್ಟಿಗಾ ನೋಡಿದೀನಿ. ಹಿಂದಿನ ಬಾಗಿಲ ಅಂಚು ನೆಲದಿಂದ ಎರಡಡಿ ಮೇಲಿದೆ, ಟೇಪು ಹಿಡಿದು ಅಳೆದೆ. ಒಂದು ಹಲಗೆ ಇಳಿಜಾರಾಗಿ ಕೊಟ್ಟರೆ ಭೈರವ ನಡೆದುಕೊಂಡೇ ಹತ್ತಬಹುದು."

ಹಲಗೆ ಬೇಕಾಗಲಿಲ್ಲ. ತೋಟದ ಆಳು ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಹಗ್ಗದಲ್ಲಿ ಬಿಗಿದು, ಕಾಲು ಜಾರದಂತೆ ಮೇಲೆ ಗೋಣಿತಾಟು ಹೊಲಿದು ಆರಡಿಯ ಏರು ಮಾಡಿಕೊಟ್ಟ. ಮಧ್ಯದ ಸೀಟಿನ ಬೆನ್ನಿಗೆ ಶಿಕಾರಿಪುರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಜಾಲರಿ ಮಾಡಿಸಿದರು. ರಸ್ತೆಗೆ ದನವೊಂದು ಅಡ್ಡ ಬಂದು ಥಟ್ಟನೆ ಬ್ರೇಕು ಒತ್ತಿದರೆ 38 ಕಿಲೋ ನಾಯಿ ತನ್ನ ತೂಕದ ಹಲವು ಪಟ್ಟು ಬಲದಿಂದ ಮುಂದಿನವರ ತಲೆಗೆ ಅಪ್ಪಳಿಸುತ್ತದೆ. ಪ್ರೀತಿಯ ನಾಯಿಯೆಂದು ಭೌತಶಾಸ್ತ್ರ ರಿಯಾಯಿತಿ ತೋರಿಸುವುದಿಲ್ಲ. ಜಾಲರಿಯ ಜೊತೆಗೆ ಎರಡಕ್ಕೂ ಎದೆಪಟ್ಟಿ ತೊಡಿಸಿ ಕೊಂಡಿಗೆ ಸಿಕ್ಕಿಸುವ ಏರ್ಪಾಡಾಯಿತು. ಕೊರಳಪಟ್ಟಿಗೆ ಕಟ್ಟಿದರೆ ಅದೇ ಉರುಳಾದೀತು.

ನೆಲಕ್ಕೆ ಹಾಸುವುದರ ಬಗ್ಗೆಯೂ ಬೇರೆಡೆಯವರಿಗೆ ತೋರದ ಯೋಚನೆಯೊಂದು ಸೊರಬದ ಕಡೆಯವರಿಗುಂಟು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಆ ಊರಿನ ಹೆಸರೇ ನಿಂತಿದೆ. ಅದನ್ನು ಹರಡುವುದು ಕಾಡಿನ ಉಣುಗು. ಅದರ ಕಾಟ ಹೆಚ್ಚುವ ಚಳಿಗಾಲ ಬೇಸಿಗೆಗಳೇ ಕೊಯ್ಲಿನ ಕಾಲವೂ ಹೌದು. ಕಾಡಂಚಿನಲ್ಲಿ ಅಲೆದು ಬಂದ ನಾಯಿ ಮೈಮೇಲೆ ಉಣುಗು ಹೊತ್ತು ತಂದು ಕಾರಿನ ರತ್ನಗಂಬಳಿಯಲ್ಲಿ ಬಿಟ್ಟರೆ ಹುಡುಕುವವರಾರು? ಆದುದರಿಂದ ಹೆಡ್‌ಮಾಸ್ತರರು ಹಿಂಭಾಗಕ್ಕೆ ರಬ್ಬರು ಹಾಸು ಹಾಸಿ, ಮೇಲೆ ಬಿಸಿನೀರಲ್ಲಿ ಕುದಿಸಿ ಒಗೆಯಬಹುದಾದ ಹಳೆಯ ಚಾದರ ಹೊದಿಸಿದರು. ಹತ್ತಿಸುವ ಮುನ್ನ ಕಿವಿಯ ಒಳಮಡಿಕೆ, ಬೆರಳ ಸಂದು, ಬಾಲದ ಬುಡ ನೋಡಿಯೇ ಹತ್ತಿಸುವುದೆಂದು ನಿಯಮವಾಯಿತು.

ಮೊದಲ ಪ್ರಯಾಣದ ಬೆಳಿಗ್ಗೆ ಕಾಳಿ ಏರಿನ ಕಡೆ ತಿರುಗಿಯೂ ನೋಡದೆ ಒಂದೇ ನೆಗೆತಕ್ಕೆ ಒಳಗೆ ಹಾರಿತು. ಭೈರವ ಏರಿನ ಬುಡದಲ್ಲಿ ನಿಂತಿತು. ಗೋಣಿತಾಟನ್ನು ಮೂಸಿತು, ಒಂದು ಕಾಲಿಟ್ಟಿತು, ತೆಗೆಯಿತು. ಹೆಡ್‌ಮಾಸ್ತರರು ಕರೆದರು, ಪತ್ನಿ ಬಿಸ್ಕತ್ತು ತೋರಿಸಿದರು. ಮಧ್ಯದ ಸಾಲಿನಲ್ಲಿ ಆಗಲೇ ಕೂತಿದ್ದ ಅಜ್ಜಿ ಜಾಲರಿಯ ಈಚೆಯಿಂದ ಊರುಗೋಲನ್ನು ಎರಡು ಸಲ ಕುಟ್ಟಿ, "ನಾನೇ ಹತ್ತಿದೀನಿ, ನಿನಗೇನೋ?" ಎಂದಳು. ಆ ಗದರಿಕೆ ಅದಕ್ಕೆ ಅಡಿಗೆಮನೆಯ ಹೊಸಿಲಿನಿಂದಲೇ ಪರಿಚಿತ. ನಾಲ್ಕು ಹೆಜ್ಜೆಯಿಟ್ಟು ಭೈರವ ಮೇಲೆ ಬಂತು, ಒಂದು ಸುತ್ತು ತಿರುಗಿತು, ಮಲಗಿತು. ಅಳತೆ ಸರಿಯಾಗಿತ್ತು.

ಶಿರಾಳಕೊಪ್ಪದಲ್ಲಿ ನಿಲ್ಲಿಸಿ ನೀರು ಕುಡಿಸಿದರು. ಅಲ್ಲಿಂದ ಮುಂದೆ ಭೈರವ ನಿದ್ದೆಹೋಯಿತು. ತೋಟದ ಮನೆ ತಲುಪಿದಾಗಲೂ ಏಳಲಿಲ್ಲ. ಸಾಮಾನು ಇಳಿಯಿತು, ಅಜ್ಜಿ ಇಳಿದಳು, ಕಾಳಿ ಅಂಗಳದಲ್ಲಿ ಮೂರು ಸುತ್ತು ಓಡಿತು. ಕಾರನ್ನು ಹಲಸಿನ ಮರದ ನೆರಳಿಗೆ ತಂದು, ಎಲ್ಲ ಬಾಗಿಲುಗಳನ್ನೂ ಹಾರುಹೊಡೆದು, ಏರನ್ನು ಹಿಂದೆ ಆನಿಸಿಟ್ಟು, ಹೆಡ್‌ಮಾಸ್ತರರು ಮುಂದಿನ ಸೀಟಿನಲ್ಲೇ ಕೂತು ಪತ್ರಿಕೆ ಬಿಡಿಸಿದರು. ಒಳಗಿನಿಂದ ಪತ್ನಿ ಎರಡು ಸಲ ಕಾಫಿಗೆ ಕೂಗಿದರು.

"ಇಲ್ಲಿಗೇ ತಂದುಬಿಡು" ಎಂದರು ಹೆಡ್‌ಮಾಸ್ತರರು, ಧ್ವನಿಯನ್ನು ತಗ್ಗಿಸಿ.