ಕಾರಾಪುರದ ಹುಡುಗ ಸಾಬು

ಬೈಲಕುಪ್ಪೆಯಿಂದ ಹುಣಸೂರು ಹಾದು, ಎಚ್.ಡಿ. ಕೋಟೆ ದಾಟಿ ಕಾಡಿನ ಕಡೆ ಸಾಗಿದರೆ ಕಾರಾಪುರ. ಆ ಹೆಸರು ಹೇಳಿದರೆ ಈಗಿನವರಿಗೆ ಹೊಳೆಯುವುದು ಕಬಿನಿ ಹಿನ್ನೀರು, ರೆಸಾರ್ಟು, ಸಫಾರಿ ಜೀಪು. ನನ್ನ ಕಣ್ಣಿಗೆ ಕಟ್ಟುವುದು ಮಾತ್ರ ಆನೆಯ ಕತ್ತಿನ ಮೇಲೆ ಬರಿಮೈಯಲ್ಲಿ ಕೂತು ನಗುವ ಒಬ್ಬ ಹುಡುಗ: ಸಾಬು.

1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಅವನು ಮೈಸೂರು ಮಹಾರಾಜರ ಮಾವುತನೊಬ್ಬನ ಮಗ. ಚಿಕ್ಕಂದಿನಲ್ಲೇ ತಬ್ಬಲಿಯಾಗಿ ಅರಮನೆಯ ಆನೆಲಾಯದ ಆಸರೆಯಲ್ಲಿ ಬೆಳೆದ. ಕಿಪ್ಲಿಂಗನ ಕತೆಯೊಂದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಈ ಹುಡುಗ ಅವರ ತಂಡದ ಕಣ್ಣಿಗೆ ಬಿದ್ದ. ಅರಮನೆಯ ಆನೆ ಐರಾವತನೇ ಅವನ ಜೊತೆಗಾರ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ಲಾಯದ ಹುಡುಗ ಲೋಕಕ್ಕೆಲ್ಲ ಪರಿಚಿತನಾದ. 1940ರ 'ದಿ ಥೀಫ್ ಆಫ್ ಬಾಗ್ದಾದ್', 1942ರ 'ಜಂಗಲ್ ಬುಕ್' ಅವನನ್ನು ಹಾಲಿವುಡ್‌ನ ತಾರೆಯಾಗಿಸಿದವು. ಮೌಗ್ಲಿ ಎಂದರೆ ಸಾಬು ಎನ್ನುವಂತಾಯಿತು.

1944ರಲ್ಲಿ ಅಮೆರಿಕದ ಪೌರನಾದ. ಅಲ್ಲಿನ ವಾಯುಸೇನೆ ಸೇರಿ, ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಗುಂಡು ಹಾರಿಸುವ ಕೆಲಸ ಮಾಡಿದ, ಪದಕ ಪಡೆದ. ಯುದ್ಧ ಮುಗಿಸಿ ಬಂದಾಗ ಅವನು ಬೆಳೆದ ಗಂಡಸು. ಹಾಲಿವುಡ್‌ಗೆ ಬೇಕಾಗಿದ್ದದ್ದು ಆನೆಯ ಮೇಲಿನ ಆ ಹುಡುಗ. 1947ರ 'ಬ್ಲ್ಯಾಕ್ ನಾರ್ಸಿಸಸ್' ಬಿಟ್ಟರೆ ಹೇಳಿಕೊಳ್ಳುವಂಥ ಪಾತ್ರಗಳು ವಿರಳವಾದವು. ಐವತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆ ಆಡಿಸಿದ. ಅಪ್ಪನಿಂದ ಬಂದ ವಿದ್ಯೆ ಮತ್ತೆ ಅನ್ನವಾಯಿತು.

ನನ್ನ ಕರುಳು ಹಿಂಡುವುದು ಮುಂದಿನ ಮಾತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನೇ ಬಯಸಿದ್ದರು. ಅವನು ಬಂದ. ಆದರೆ ವಿದೇಶಿ ಪೌರನಾದ್ದರಿಂದ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಭಾರತಮಾತೆಯ ಹೆಸರಿನ ಚಿತ್ರದಲ್ಲಿ ಈ ಮಣ್ಣಿನ ಮಗನಿಗೆ ಜಾಗವಿರಲಿಲ್ಲ. ಹುಟ್ಟಿದ ನಾಡಿನ ಒಂದೇ ಒಂದು ಚಿತ್ರದಲ್ಲೂ ನಟಿಸದೆ, 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39.

ಅವನನ್ನು ನೆನಪಿಸುವ ನೆಲವೂ ಈಗ ಮೊದಲಿನಂತಿಲ್ಲ. ಕಾರಾಪುರದ ಬಳಿಯ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಬಯಲು ನೀರಿನಡಿ ಹೋಯಿತು. ಆನೆಗಳನ್ನು ಅಟ್ಟಿ ಹಿಡಿದು ಕಟ್ಟುತ್ತಿದ್ದ ಆ ಕ್ರೌರ್ಯ ನಿಂತದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಮಾವುತರ ಮನೆಗಳ ಕತೆಗಳೂ ಮುಳುಗಬೇಕಿತ್ತೇ? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಮೇಲೇಳುತ್ತವೆ. ಸಾಬುವಿನ ಹೆಸರು ಮಾತ್ರ ಮೇಲೇಳುವುದಿಲ್ಲ.

ಬೈಲಕುಪ್ಪೆಯಲ್ಲಿ ಟಿಬೆಟಿನ ಅಜ್ಜಿಯರು ಜಪಮಣಿ ಎಣಿಸುತ್ತಾ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಅನ್ನಿಸುತ್ತದೆ: ಊರು ಕಳೆದುಕೊಂಡು ಬಂದವರಿಗೆ ನೆಲ ಕೊಟ್ಟ ಸೀಮೆ ನಮ್ಮದು. ಊರು ಬಿಟ್ಟು ಹೋದ ನಮ್ಮದೇ ಹುಡುಗನಿಗೆ ನೆನಪಿನಲ್ಲಾದರೂ ಒಂದಿಷ್ಟು ಜಾಗ ಕೊಡಬೇಡವೇ? ಕಾರಾಪುರದಲ್ಲಿ ಅವನ ಹೆಸರಿನ ಕನ್ನಡ ಫಲಕವೊಂದು ನಿಲ್ಲಲಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ವರ್ಷಕ್ಕೊಮ್ಮೆ 'ಎಲಿಫೆಂಟ್ ಬಾಯ್' ತೋರಿಸಲಿ. ಆನೆಯ ಮೇಲೆ ನಗುತ್ತಿರುವ ಆ ಹುಡುಗ ನಮ್ಮವನೆಂದು ಮಕ್ಕಳಿಗೆ ಗೊತ್ತಾಗಲಿ.